ಮನೆಗೆ ಮನೆ: ಉನ್ನತ ಶಿಕ್ಷಣಕ್ಕೊಂದು ದಾರಿ

ಪ್ಲಸ್ ಟು ಮುಗಿಸಿದ ಮಕ್ಕಳನ್ನು ದೂರದ ಕಾಲೇಜಿಗೆ ಕಳುಹಿಸಲು ಕಾಸರಗೋಡಿನ ನಮ್ಮ ಎಷ್ಟೋ ಮನೆಗಳು ಅಂಜುವುದು ಶುಲ್ಕಕ್ಕಲ್ಲ, ಊಟ–ವಸತಿಯ ಖರ್ಚಿಗೆ. ಈ ಹೊರೆಯನ್ನು ಇಳಿಸಲು ಮನೆ ವಿನಿಮಯವೆಂಬ ಉಪಾಯವುಂಟು.

ಉದಾಹರಣೆಗೆ, ಪೆರಿಯದ ವಿದ್ಯಾರ್ಥಿನಿಯೊಬ್ಬಳಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪ್ರವೇಶ ದೊರೆತಿದೆ. ಕೊಣಾಜೆಯ ಹುಡುಗಿಗೆ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ. ಇಬ್ಬರೂ ಪರಸ್ಪರರ ಮನೆಯಲ್ಲಿ ನೆಲೆಸಿದರೆ ಬಾಡಿಗೆಯ ಪ್ರಶ್ನೆಯೇ ಇಲ್ಲ. ಮಗಳು ತೆರವು ಮಾಡಿದ ಕೋಣೆ, ಅವಳ ಪಾಲಿನ ಅನ್ನ ಎರಡೂ ಕಡೆ ಮೊದಲೇ ಇವೆ.

ವಾರಾನ್ನ ಉಂಡು ಓದಿದ ಹಿರಿಯರ ಕಥೆಗಳನ್ನು ನಾವು ಕೇಳಿದ್ದೇವೆ. ಅಲ್ಲಿ ಕೊಡುವವರು, ಪಡೆಯುವವರು ಬೇರೆ ಬೇರೆ. ಇಲ್ಲಿ ಎರಡೂ ಮನೆಗಳು ಸಮಾನ. ಯಾರೂ ಯಾರ ಹಂಗಿಗೂ ಒಳಗಾಗುವುದಿಲ್ಲ.

ಆದರೆ ಕೆಲವು ಎಚ್ಚರಗಳು ಬೇಕು. ಹೆತ್ತವರು ಮೊದಲು ಪರಸ್ಪರರ ಮನೆಯನ್ನು ನೋಡಿ ಬರಲಿ. ಒಂದು ತಿಂಗಳು ಪರೀಕ್ಷಿಸಲಿ. ಔಷಧ, ಪ್ರಯಾಣದ ಖರ್ಚು ಯಾರದೆಂದು ಬರೆದಿಡಲಿ. ಒಬ್ಬಳು ನಡುವೆ ಓದು ಬಿಟ್ಟರೆ ಇನ್ನೊಬ್ಬಳು ಬೀದಿಗೆ ಬೀಳದಂತೆ, ಆ ಸೆಮಿಸ್ಟರ್ ಮುಗಿಯುವವರೆಗಿನ ಏರ್ಪಾಡನ್ನು ಮೊದಲೇ ನಿಶ್ಚಯಿಸಲಿ. ಜಾತಿ ನೋಡಿ ಜೋಡಿ ಹುಡುಕತೊಡಗಿದರೆ ಜೋಡಿಯೇ ಸಿಗಲಾರದು.

ಬರುವ ಪ್ರವೇಶದ ಋತುವಿಗೆ ಮುನ್ನ ಶಾಲೆಯ ರಕ್ಷಕ–ಶಿಕ್ಷಕ ಸಭೆಯಲ್ಲಿ ಈ ಮಾತನ್ನು ಎತ್ತೋಣ. ಖರ್ಚಿಗೆ ಅಂಜಿ ಮನೆಯಲ್ಲುಳಿಯುವವರು ಹೆಚ್ಚಾಗಿ ನಮ್ಮ ಹೆಣ್ಣುಮಕ್ಕಳು.