ಯಾವ ಕಾರಣಕ್ಕೆ ಕುಡಿತ?

ಬಜಪೆಯ ವಿಮಾನ ನಿಲ್ದಾಣಕ್ಕೆ ದುಬೈಯಿಂದ ಬಂದಿಳಿಯುವವರು ಸುಂಕವಿಲ್ಲದೆ 2 ಲೀಟರ್ ಮದ್ಯ ತರಬಹುದು. ಒಂದು ಬಾಟಲಿ ಮದುವೆ ಮನೆಯ ಮೆಹಂದಿ ರಾತ್ರಿಗೆ ಹೋಗುತ್ತದೆ, ಇನ್ನೊಂದು ನಿದ್ದೆ ಬಾರದ ಒಬ್ಬನ ಮಂಚದಡಿ ಸೇರುತ್ತದೆ. ಇಬ್ಬರೂ ಕುಡಿದದ್ದು ಒಂದೇ ಅಳತೆ ಇರಬಹುದು. ಆದರೆ ಇಬ್ಬರಿಗೂ ಒಂದೇ ಬುದ್ಧಿವಾದ ಹೇಳಿದರೆ ಪ್ರಯೋಜನವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿಯ 10 ಪ್ರಶ್ನೆಗಳು ಎಷ್ಟು ಕುಡಿಯುತ್ತೀರಿ, ಅದರಿಂದ ಏನೇನು ಹಾನಿಯಾಗಿದೆ ಎಂದು ಕೇಳುತ್ತವೆ, ಕಾರಣ ಕೇಳುವುದಿಲ್ಲ. 1988ರಲ್ಲಿ ಮನಶ್ಶಾಸ್ತ್ರಜ್ಞರಾದ ಮೈಲ್ಸ್ ಕಾಕ್ಸ್ ಮತ್ತು ಎರಿಕ್ ಕ್ಲಿಂಗರ್ ಆ ಕಾರಣದ ಹಿಂದೆ ಬಿದ್ದರು. ಕುಡಿಯುವವನು ಸುಖ ಬಯಸುತ್ತಾನೋ, ಸಂಕಟ ಕಳೆಯಲು ನೋಡುತ್ತಾನೋ? ಅದು ತನ್ನ ಮನಸ್ಸಿಗಾಗಿಯೋ, ಸುತ್ತಲಿನವರಿಗಾಗಿಯೋ? ಇದೇ ನೆಲೆಯಲ್ಲಿ ಲಿನ್ ಕೂಪರ್ 1994ರಲ್ಲಿ ಅಮೆರಿಕದ ಹದಿಹರೆಯದವರ ನಡುವೆ 20 ಹೇಳಿಕೆಗಳ ಪಟ್ಟಿಯೊಂದನ್ನು ಪರೀಕ್ಷಿಸಿದರು. ಕೂಟದ ಖುಷಿ, ನಶೆಯ ಸುಖ, ದುಃಖ ಮರೆಯುವುದು, ಗೆಳೆಯರ ಒತ್ತಾಯ: ಪ್ರತಿ ಕಾರಣಕ್ಕೂ ಐದು ಹೇಳಿಕೆ, ಒಂದೊಂದಕ್ಕೂ 1ರಿಂದ 5 ಅಂಕ.

ದುಃಖ ಮರೆಯಲು ಕುಡಿಯುವವರ ಅಂಕವನ್ನು ನಾವು ಹೆಚ್ಚು ಗಮನಿಸಬೇಕು. ಕುಡಿತದ ಪ್ರಮಾಣವನ್ನು ಬದಿಗಿಟ್ಟು ನೋಡಿದರೂ ತೊಂದರೆಗಳು ಹೆಚ್ಚು ಅಂಟಿಕೊಳ್ಳುವುದು ಇವರಿಗೇ. ಖಿನ್ನತೆಗೆ, ನಿದ್ದೆಗೆ ಚಿಕಿತ್ಸೆ ಸಿಗದೆ ಇಂಥವರು ಬಾಟಲಿ ಬಿಡುವುದು ಕಷ್ಟ. ಕೂಟದಲ್ಲಿ ಕುಡಿಯುವವನಿಗೆ ಬೇಕಾದದ್ದು ಬೇರೆ: ಗ್ಲಾಸ್ ಚಾಚಿದ ಭಾವನಿಗೆ ಮುಖ ಕೆಡದಂತೆ ಬೇಡ ಎನ್ನುವ ಅಭ್ಯಾಸ.

ಆದರೆ ಆ ಪಟ್ಟಿಯನ್ನು ಹಾಗೇ ತಂದು ಕರಾವಳಿಯಲ್ಲಿ ಹಂಚಿದರೆ ಸಾಲದು. ಕೆಂಪುಕಲ್ಲಿನ ಕೋರೆಯಲ್ಲಿ ದಿನವಿಡೀ ದುಡಿದವರು, ಮೀನಿನ ಬೋಟಿನಿಂದ ಇಳಿದವರು ಕುಡಿತಕ್ಕೆ ಕೊಡುವ ಕಾರಣ ಮೈಕೈ ನೋವು. ಕೂಪರರ 20ರಲ್ಲಿ ಅದಕ್ಕೆ ಜಾಗವಿಲ್ಲ. ಇಲ್ಲಿಯ ದೈವ ಕೊರಗಜ್ಜನಿಗೆ ಒಪ್ಪಿಸಿದ ಕಳ್ಳನ್ನು ಪ್ರಸಾದವೆಂದು ಗುಟುಕರಿಸುವುದನ್ನು ಯಾವ ಗುಂಪಿಗೆ ಸೇರಿಸುವುದು? ಬೇಡವೆಂದರೆ ಅಲ್ಲಿ ತಪ್ಪುವುದು ಗೆಳೆಯರ ಮರ್ಜಿ ಮಾತ್ರವಲ್ಲ. ಇಲ್ಲಿಯ ಜನರಿಂದಲೇ ಕಾರಣಗಳನ್ನು ಕೇಳಿ, ಪಟ್ಟಿಗೆ ಸೇರಿಸಿ, ಮತ್ತೆ ಪರೀಕ್ಷಿಸಬೇಕು.

ಯಾರೆದುರು ಕೇಳುತ್ತೇವೆ ಎಂಬುದೂ ಮುಖ್ಯ. ಹೆಂಡತಿ ಪಕ್ಕದಲ್ಲಿ ಕೂತಿದ್ದರೆ ಗಂಡ ‘ಫ್ರೆಂಡ್ಸ್ ಒತ್ತಾಯ’ ಎಂದೇ ಹೇಳಿಯಾನು. ‘ಯಾಕೆ ಕುಡಿಯುತ್ತೀಯಾ’ ಎಂಬ ಗದರಿಕೆ ಮನೆಯಲ್ಲಿ ಅವನಿಗೆ ದಿನಾ ಸಿಗುತ್ತದೆ. ಪಟ್ಟಿ ಗದರುವುದಿಲ್ಲ, ಈ ಕಾರಣಕ್ಕೆ ಎಷ್ಟು ಸಲ ಕುಡಿದಿರಿ ಎಂದಷ್ಟೇ ಕೇಳುತ್ತದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಗೆ ಬರುವವರನ್ನು ಮೊದಲ ದಿನವೇ ಒಬ್ಬೊಬ್ಬರನ್ನಾಗಿ ಕೂರಿಸಿ, ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಹೀಗೆ ಕೇಳುವಂತಾದರೆ, ಶಿಬಿರ ಮುಗಿದ ಮೇಲೆ ಯಾರನ್ನು ಮನೋವೈದ್ಯರ ಬಳಿ ಕಳಿಸಬೇಕೆಂಬುದು ಆಗಲೇ ತಿಳಿದುಬಿಡುತ್ತದೆ.