ಹೆಪ್ಪುಗಟ್ಟಿಸಿ ಕರಗಿಸಿದರೆ ಕೆಸರು ನೀರು ಬಿಡುತ್ತೆ, ವಿಷ ಬಿಡಲ್ಲ

ಹೋದ ತಿಂಗಳು ಒಬ್ಬರು ಸಿಟಿಯ ಎಸ್‌ಟಿಪಿ ಕೆಸರು ಒಣಗಿಸಿದ್ದು ಇದೆ, ಟ್ರ್ಯಾಕ್ಟರ್ ಲೋಡ್ ಲೆಕ್ಕದಲ್ಲಿ ಕೊಡ್ತೀನಿ ಅಂತ ತೋಟಕ್ಕೆ ಬಂದಿದ್ದರು. ಕೈಗೆ ತಗೊಂಡರೆ ಪುಡಿಪುಡಿ, ವಾಸನೆಯೂ ಇಲ್ಲ, ಬೆಲೆಯೂ ಕಡಿಮೆ. ಇನ್ನೇನು ಒಪ್ಪಿಬಿಡ್ತಿದ್ದೆ. ಆದರೆ ಒಣಗೋದು ಬೇರೆ, ಶುದ್ಧ ಆಗೋದು ಬೇರೆ. ಚಳಿ ದೇಶದವರ ಒಂದು ವಿಧಾನ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತೆ.

ಕೊಳಚೆ ನೀರು ಶುದ್ಧ ಮಾಡುವಾಗ ಸಿಗುವ ಹಸಿ ಕೆಸರಿನಲ್ಲಿ ನೂರಕ್ಕೆ 95ರಷ್ಟು ನೀರೇ. ಅದು ಸುಲಭಕ್ಕೆ ಸೋರಲ್ಲ. ಸಣ್ಣ ಕಣಗಳು, ಬ್ಯಾಕ್ಟೀರಿಯಾ ಬಿಡುವ ಲೋಳೆ ಅದನ್ನು ಹಿಡಿದುಕೊಂಡಿರುತ್ತೆ. ಅಮೆರಿಕದ ಉತ್ತರ ಭಾಗ, ಕೆನಡಾದಂಥ ಕಡೆ ಈ ಕೆಸರನ್ನು ಚಳಿಗಾಲದಲ್ಲಿ ಬಯಲಿನ ತೊಟ್ಟಿಗಳಲ್ಲಿ ತೆಳುವಾಗಿ ಹರಡೋ ಪದ್ಧತಿ ಇದೆ. ಒಂದು ಪದರ ಪೂರ್ತಿ ಹೆಪ್ಪುಗಟ್ಟಿದ ಮೇಲೇ ಇನ್ನೊಂದು. ಮಂಜುಗಡ್ಡೆಯ ಹರಳು ಬೆಳೆಯುವಾಗ ನೀರನ್ನಷ್ಟೇ ಸೇರಿಸಿಕೊಂಡು ಕಣಗಳನ್ನು ಆಚೆ ತಳ್ಳುತ್ತೆ. ಆ ಕಣಗಳು ಒತ್ತಿಕೊಂಡು ಒಂದಕ್ಕೊಂದು ಅಂಟುತ್ತವೆ. ಬಿಸಿಲು ಬಂದು ಗಡ್ಡೆ ಕರಗಿದರೂ ಅವು ಮತ್ತೆ ಲೋಳೆ ಆಗಲ್ಲ, ಕಾಫಿ ಚರಟದ ಹಾಗೆ ಉಳೀತವೆ; ನೀರು ಸಲೀಸಾಗಿ ಬಸಿದುಹೋಗುತ್ತೆ. ಫ್ರೀಜರ್‌ನಲ್ಲಿಟ್ಟ ಮೊಸರು ಕರಗಿದ ಮೇಲೆ ನೀರು ಬಿಡುತ್ತಲ್ಲ, ಹೆಚ್ಚುಕಮ್ಮಿ ಹಾಗೆ. ನಿಧಾನವಾಗಿ ಹೆಪ್ಪುಗಟ್ಟಬೇಕು ಅಷ್ಟೇ. ತೀರಾ ಬೇಗ ಆದರೆ ಕಣಗಳು ಗಡ್ಡೆಯೊಳಗೇ ಸಿಕ್ಕಿಕೊಳ್ತವೆ.

ನಾನೂ ಒಂದು ಡಬ್ಬಿ ಗೋಬರ್ ಗ್ಯಾಸ್ ಸ್ಲರಿಯನ್ನು ಫ್ರೀಜರ್‌ನಲ್ಲಿಟ್ಟು ನೋಡಿದೆ. (ಅಮ್ಮ ಬೈದದ್ದು ಇಲ್ಲಿ ಬೇಡ.) ಕರಗಿಸಿ ಬಟ್ಟೆಯಲ್ಲಿ ಸೋಸಿದರೆ, ಹಾಗೇ ಇಟ್ಟಿದ್ದ ಸ್ಲರಿಗಿಂತ ಬೇಗ ಇಳೀತು. ಹಾಗಂತ ಕರೆಂಟ್ ಬಿಲ್ ಕಟ್ಟಿ ಮಾಡೋ ಕೆಲಸ ಅಲ್ಲ. 1000 ಲೀಟರ್ ತಣ್ಣೀರು ಗಡ್ಡೆ ಆಗಬೇಕಾದರೆ ಸುಮಾರು 93 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಗೆ ತೆಗೀಬೇಕು. ಅಲ್ಲಿ ಅದನ್ನು ಚಳಿ ಪುಕ್ಕಟೆ ಮಾಡಿಕೊಡುತ್ತೆ. ನಮಗೆ ಪುಕ್ಕಟೆ ಸಿಗೋದು ಬಿಸಿಲು: ಕೆಳಗೆ ಜಲ್ಲಿ, ಮೇಲೆ ಮರಳು, ಅದರ ಮೇಲೆ ತೆಳುವಾಗಿ ಸ್ಲರಿ. ಬಸಿದ ನೀರು ಚೆಲ್ಲಬೇಡಿ. ಕರಗಿದ ಪೊಟ್ಯಾಷ್, ಅಮೋನಿಯಾ ರೂಪದ ಸಾರಜನಕ ಅದರಲ್ಲೇ ಇರುತ್ತೆ. ನೀರು ಬೆರೆಸಿ ಬಾಳೆ ಬುಡಕ್ಕೆ ಹಾಕಿ.

ಎಸ್‌ಟಿಪಿ ಕೆಸರಿನ ಕಥೆ ಬೇರೆ. ಹೆಪ್ಪುಗಟ್ಟಿಸಲಿ, ಬಿಸಿಲಿಗೆ ಒಣಗಿಸಲಿ, ಸೀಸ, ಕ್ಯಾಡ್ಮಿಯಂನಂಥ ಭಾರಲೋಹ ಇದ್ದರೆ ಬಹುಪಾಲು ಗಟ್ಟಿ ಭಾಗದಲ್ಲೇ ಉಳಿಯುತ್ತೆ. ಜಂತುಹುಳದ ಮೊಟ್ಟೆಯೆಲ್ಲ ಸಾಯುತ್ತೆ ಅನ್ನೋ ಖಾತ್ರಿಯೂ ಇಲ್ಲ. ಅಮೆರಿಕದ ಸಾವಯವ ನಿಯಮದಲ್ಲಂತೂ ಚರಂಡಿ ಕೆಸರಿಗೆ ಜಾಗವೇ ಇಲ್ಲ. ಬಂದವರ ಹತ್ರ ಭಾರಲೋಹದ ಲ್ಯಾಬ್ ರಿಪೋರ್ಟ್ ಕೇಳಿದೆ. ವಾಟ್ಸಾಪ್ ಮಾಡ್ತೀನಿ ಅಂದರು. ಇನ್ನೂ ಬಂದಿಲ್ಲ, ನಾನೂ ಲೋಡ್ ಇಳಿಸಿಕೊಂಡಿಲ್ಲ.