ರೊಟ್ಟಿ ‘ಲೊತ್ತಿ’ ಆಗುವುದು ಎಲ್ಲಿಯವರೆಗೆ?

ಪಕ್ಕದ ಮನೆಯ ಮೂರು ವರ್ಷದ ಮಗು ಮೊನ್ನೆ ಅಡುಗೆಮನೆಗೆ ಬಂದು ‘ಲೊತ್ತಿ ಕೊಡು’ ಎಂದಿತು. ‘ಲೊತ್ತಿ ಬೇಕಾ ಪುಟ್ಟಾ?’ ಎಂದೆ. ಮುಖ ಸಿಂಡರಿಸಿ, ‘ಲೊತ್ತಿ ಅಲ್ಲ, ಲೊತ್ತಿ!’ ಎಂದು ನನ್ನನ್ನೇ ತಿದ್ದಿತು. ನಾನಾಡಿದ್ದು ತಪ್ಪೆಂದು ಅದರ ಕಿವಿಗೆ ಗೊತ್ತು. ನಾಲಿಗೆ ಮಾತ್ರ ಇನ್ನೂ ಹೊರಳುತ್ತಿಲ್ಲ. ಉಚ್ಚಾರಣೆ ಬೆಳೆಯುವುದೇ ಹೀಗೆ: ಕಿವಿ ಮೊದಲು, ನಾಲಿಗೆ ಆಮೇಲೆ.

ಎರಡು ಮೂರು ತಿಂಗಳಿಗೆ ಕೂಸು ‘ಊ’, ‘ಆ’ ಎನ್ನುತ್ತದೆ. ಆರೇಳು ತಿಂಗಳಿಗೆ ‘ಬಬಬ’, ‘ದದದ’ ಶುರು. ಇದು ಬ್ಯಾಬ್ಲಿಂಗ್, ಅಂದರೆ ಅರ್ಥವಿಲ್ಲದ ಅಕ್ಷರದಾಟ. ವರ್ಷದ ಆಸುಪಾಸಿನಲ್ಲಿ ಮೊದಲ ಪದ ಬರುತ್ತದೆ. ಪ, ಬ, ಮ ಹೇಳಲು ತುಟಿ ಕೂಡಿಸಿದರೆ ಸಾಕು. ಅಮ್ಮ, ಅಪ್ಪ, ಬೂವ ಎಲ್ಲವೂ ಇಂಥ ಸುಲಭದ ಅಕ್ಷರಗಳಿಂದಲೇ ಆದವು.

ಕಷ್ಟ ಇರುವುದು ರ, ಳ, ಣ, ಸ, ಶಗಳಲ್ಲಿ. ‘ರ’ಕ್ಕೆ ನಾಲಿಗೆಯ ತುದಿ ಚುರುಕಾಗಿ ಅದುರಬೇಕು. ‘ಳ’ಕ್ಕೆ ಅದೇ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಬೇಕು. ಕನ್ನಡಿ ಮುಂದೆ ನಿಂತು ‘ಬಾಲ’, ‘ಬಾಳೆ’ ಎಂದು ನೋಡಿ, ವ್ಯತ್ಯಾಸ ತಿಳಿಯುತ್ತದೆ. ಒತ್ತಕ್ಷರವೂ ತಡ: ‘ಪುಸ್ತಕ’ ಕೆಲಕಾಲ ‘ಪುತ್ತಕ’. ಇವೆಲ್ಲ ನಾಲ್ಕೈದು ವರ್ಷಕ್ಕೆ, ಕೆಲವರಲ್ಲಿ ಆರಕ್ಕೆ ಸರಿಹೋಗುತ್ತವೆ.

ಮನೆಯಲ್ಲೇ ‘ಶಂಕರ’ನಿಗೆ ‘ಸಂಕರ’, ‘ಹಾಲಿ’ಗೆ ‘ಆಲು’ ಎನ್ನುತ್ತೀರಾ? ಹಾಗಿದ್ದರೆ ಮಗುವೂ ಹಾಗೇ ಅನ್ನುತ್ತದೆ. ಅದು ನಿಮ್ಮೂರಿನ ಕನ್ನಡ, ದೋಷವಲ್ಲ. ಮನೆಯಲ್ಲಿ ಎರಡು ಭಾಷೆ ಇದ್ದರೂ ಉಚ್ಚಾರಣೆ ಕೆಡುವುದಿಲ್ಲ.

ಹಾಗಾದರೆ ಯಾವಾಗ ತೋರಿಸಬೇಕು? ಮನೆಯವರಿಗೆ ಅರ್ಥವಾಗುವುದು ಅಳತೆಯಲ್ಲ, ಹೊರಗಿನವರಿಗೆ ಆಗಬೇಕು. ಎರಡು ವರ್ಷಕ್ಕೆ ಅರ್ಧದಷ್ಟು, ಮೂರಕ್ಕೆ ಮುಕ್ಕಾಲು, ನಾಲ್ಕಕ್ಕೆ ಬಹುತೇಕ ಎಲ್ಲವೂ ಅವರಿಗೆ ತಿಳಿಯಬೇಕು. ಹತ್ತು ತಿಂಗಳಾದರೂ ‘ಬಬಬ’ ಇಲ್ಲ, ಒಂದೂವರೆ ವರ್ಷವಾದರೂ ಪದವಿಲ್ಲ, ಕರೆದರೆ ತಿರುಗುವುದಿಲ್ಲ ಎಂದಾದರೆ ಕಾಯಬೇಡಿ. ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎಂಬ ಸಮಾಧಾನ ಬೇಡವೇ ಬೇಡ.

ಮೊದಲು ಕಿವಿ ಪರೀಕ್ಷೆ. ಓಎಇ ಎಂಬ ಪರೀಕ್ಷೆಯಲ್ಲಿ ಕಿವಿಗೆ ಪುಟ್ಟ ಬಿರಡೆಯಂಥದ್ದನ್ನಿಟ್ಟು ಮೆಲುವಾದ ಸದ್ದು ಕಳಿಸುತ್ತಾರೆ, ಒಳಕಿವಿಯಿಂದ ಮರಳುವ ಸದ್ದನ್ನು ಯಂತ್ರ ಅಳೆಯುತ್ತದೆ. ನೋವಿಲ್ಲ, ಮಗು ಮಲಗಿದ್ದರೂ ಆಗುತ್ತದೆ. ನೆಗಡಿ ಪದೇಪದೇ ಬಂದು ಕಿವಿಯೊಳಗೆ ನೀರು ನಿಂತರೂ ಅಕ್ಷರ ಮಂಕಾಗಿ ಕೇಳಿಸುತ್ತದೆ. ಆಮೇಲೆ ಸ್ಪೀಚ್ ಥೆರಪಿಸ್ಟ್, ಅಂದರೆ ವಾಕ್ ಚಿಕಿತ್ಸಕರು, ಆಟವಾಡಿಸುತ್ತಲೇ ಯಾವ ಅಕ್ಷರ ತೊಡಕೆಂದು ಗುರುತಿಸುತ್ತಾರೆ.

ಮನೆಯಲ್ಲಿ ‘ರ ಅನ್ನು, ಸರಿಯಾಗಿ ಅನ್ನು’ ಎಂದು ಪೀಡಿಸಬೇಡಿ. ‘ಲೊತ್ತಿ’ ಎಂದಾಗ ‘ರೊಟ್ಟಿ ಬೇಕಾ? ತಗೋ, ಬಿಸಿ ರೊಟ್ಟಿ’ ಎನ್ನಿ, ಸಾಕು. ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ‘ರ’ ಬರುವುದಿಲ್ಲ.

ಖರ್ಚು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗೆ ತಪಾಸಣೆ ಉಚಿತ. ಅಂಗನವಾಡಿಗೆ ಬರುವ ತಂಡವನ್ನು ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಖಾಸಗಿಯವರಲ್ಲಿ ಶುಲ್ಕ ಒಂದೊಂದು ಸಲಕ್ಕೂ ಲೆಕ್ಕ, ಮೊದಲೇ ಕೇಳಿಕೊಳ್ಳಿ. ಹೋಗುವಾಗ ಮಗು ಮನೆಯಲ್ಲಿ ಆಡುವ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ. ಹೊಸಬರ ಮುಂದೆ ಅನೇಕ ಮಕ್ಕಳು ಬಾಯೇ ಬಿಡುವುದಿಲ್ಲ.